ಎರಡು ಮಾರು ಮಲ್ಲಿಗೆ

ಕೊಟ್ಟೂರಿನ ಕೊಟ್ರಮ್ಮ ಟೀಚರ ಮನೆಗೆ ಬರಿಗೈಯಲ್ಲಿ ಹೋಗಬಾರದು ಎಂಬುದರಲ್ಲಿ ನಮ್ಮ ಮನೆಯವರದೆಲ್ಲ ಒಂದೇ ಮಾತು. ಏನು ಒಯ್ಯಬೇಕು ಎಂಬುದರಲ್ಲಿ ಮಾತ್ರ ಜಗಳ. ಒಯ್ಯುವವಳು ನಾನು, ಒಯ್ದದ್ದು ಎಡವಟ್ಟಾದರೆ ಓದು ಕಳೆದುಕೊಳ್ಳುವವಳೂ ನಾನು. ಆದರೆ ನನ್ನನ್ನು ಕೇಳಿದವರು ಯಾರೂ ಇಲ್ಲ.

ಅದು ತೊಂಬತ್ತೆಂಟರ ಜೂನ್. ತಂಬ್ರಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದ್ದೆ. ಕೊಟ್ಟೂರಿನ ಕಾಲೇಜಿನಲ್ಲಿ ಸೈನ್ಸಿಗೆ ಸೀಟೂ ಸಿಕ್ಕಿತ್ತು. ದಿನಾ ಓಡಾಡಲು ಎರಡು ಬಸ್ಸು ಬದಲಿಸಬೇಕು, ಸಂಜೆಯ ಬಸ್ಸು ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ನಮ್ಮ ಅಬ್ಬಾ ನೂರ್ ಅಹಮದ್ ಪಂಪ್‌ಸೆಟ್ ರಿಪೇರಿ ಮಾಡುವವನು, ಮಾತು ಕಡಿಮೆ. ಒಂದೇ ಸಲ ಹೇಳಿದ್ದ: "ಕೊಟ್ಟೂರಾಗ ಇರಾಕ ಒಂದು ಮನಿ ಸಿಕ್ಕರ ಓದು. ಇಲ್ಲಾಂದ್ರ ಮಾಮುನ ಅಂಗಡ್ಯಾಗ ಕಾಜ ಹಾಕು." ಮಾಮು ಅಂದರೆ ಅಮ್ಮಿಯ ತಮ್ಮ ಅಶ್ಫಾಕ. ಅವನದು ಟೇಲರ್ ಅಂಗಡಿ. ಅಂಗಿಯ ಗುಂಡಿಯ ತೂತಿಗೆ ದಾರ ಸುತ್ತಿ ಕಾಜ ಹಾಕುವ ಕೆಲಸವನ್ನು ಆ ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಮಾಡಿ ನೋಡಿದ್ದೆ. ಸೂಜಿ ಕಂಡರೆ ಸಿಟ್ಟು ಬರುವಷ್ಟಾಗಿತ್ತು.

ಮನೆ ಸಿಕ್ಕಿದ್ದು ಉಜ್ಜಿನಿಯ ಗುರುಸಂಗಪ್ಪನವರಿಂದ. ತಮ್ಮ ಹೊಲದ ಮೋಟರು ಸುಟ್ಟಾಗಲೆಲ್ಲ ಅವರು ಅದನ್ನು ಅಷ್ಟು ದೂರದಿಂದ ಅಬ್ಬಾನ ಹತ್ತಿರವೇ ಹೊತ್ತು ತರುತ್ತಿದ್ದರು. ಅವರ ಅಕ್ಕ ಕೊಟ್ರಮ್ಮ ಕೊಟ್ಟೂರಿನ ಒಂದು ಶಾಲೆಯಲ್ಲಿ ಹೊಲಿಗೆ ಟೀಚರು, ಮನೆಯ ಮುಂದಿನ ಕೋಣೆ ಖಾಲಿ ಇದೆ ಎಂದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿ ನನ್ನ ನಿದ್ದೆ ಕೆಡಿಸಿದರು: "ನಮ್ಮಕ್ಕ ಭಾಳ ಮಡಿ. ಹಿಂದ ಒಬ್ಬಾಕಿ ಹುಡುಗಿ ಇದ್ಲು, ನಮ್ಮ ಪೈಕೀನೇ. ತಲಿ ಬಾಚಿದ ಕೈಲೆ ದೇವರ ಮಾಡ ಮುಟ್ಟಿದ್ಲಂತ ಹದಿನೈದು ದಿನಕ್ಕ ಆಕಿ ಟ್ರಂಕು ಹೊರಗಿಟ್ಲು ನಮ್ಮಕ್ಕ. ಐತವಾರ ಹುಡುಗಿನ್ನ ಕರಕೊಂಡು ಊಟಕ್ಕ ಬರ್ರಿ ಅಂದಾಳ. ನೋಡಿ ಹೇಳತಾಳ."

ನೋಡಿ ಹೇಳುತ್ತಾಳೆ! ಅವರ ಪೈಕಿ ಹುಡುಗಿಯ ಗತಿಯೇ ಅದಾದರೆ ನನ್ನದೇನು? ಸೋಮವಾರ ಕಾಲೇಜಿಗೆ ಸೇರಲು ಕಡೆಯ ದಿನ. ಇರುವುದೊಂದು ಊಟ, ಅದರೊಳಗೆ ನಾನು ಒಳ್ಳೆಯವಳಾಗಿ ಕಾಣಬೇಕು.

ಶನಿವಾರ ಅಮ್ಮಿ ಮತ್ತು ಮಾಮು ಒಲೆಯ ಮುಂದೆ ಕೂತು ಚರ್ಚೆ ಶುರು ಮಾಡಿದರು. ಅಬ್ಬಾ ಯಾರದೋ ಬೋರಿನ ಮೋಟರು ಎತ್ತಲು ಹೋಗಿದ್ದ. ಮಾಮು ಬೇಕರಿ ಸ್ವೀಟು ಅಂದ. ಅಮ್ಮಿ, "ಅದೇ ತಾಟಿನ್ಯಾಗ ತತ್ತಿ ಪಪ್ಸ ಇಡತಾರ, ಅವರು ಶರಣರ ಪೈಕಿ, ಬ್ಯಾಡ" ಅಂದಳು. ಬಾಳೆಹಣ್ಣು ಅಂದ. "ದವಾಖಾನಿಗೆ ಹೊಂಟೀವೇನು?" ಅಂದಳು. ಜಂಪರ್ ಪೀಸು ಅಂದ. "ಆಕಿ ಹೊಲಿಗಿ ಟೀಚರು. ನಿನ್ನ ಅಂಗಡಿ ಬಟ್ಟಿ ನೋಡಿ ನಕ್ಕಾಳು" ಅಂದಳು. ಮಾಮು ಸಿಟ್ಟಾಗಿ ಎದ್ದು ಹೋದ.

ಕೊನೆಗೆ ಅಮ್ಮಿಯೇ ತೀರ್ಪು ಕೊಟ್ಟಳು. "ಹೂ ಒಯ್ಯಿ. ಹಡಗಲಿ ಮಲ್ಲಿಗಿ. ತಿನ್ನೋದಲ್ಲ, ಕುಡಿಯೋದಲ್ಲ, ನಮ್ಮ ಮನ್ಯಾಗ ಬೇಯಿಸಿದ್ದಲ್ಲ. ಹೂವಿಗೆ ಎಂಜಲಿಲ್ಲ, ಮೈಲಿಗಿಲ್ಲ. ಹೂ ಕೊಟ್ಟರ ಬ್ಯಾಡ ಅನ್ನೋ ಹೆಣಮಗಳು ಈ ತಾಲೂಕಿನ್ಯಾಗ ಹುಟ್ಟಿಲ್ಲ."

ನಮ್ಮ ಅಮ್ಮಿ ಅಜೀಜಬಿ ಇಷ್ಟು ಖಚಿತವಾಗಿ ಹೇಳಿದ ಮಾತುಗಳಲ್ಲಿ ಅರ್ಧದಷ್ಟು ತಪ್ಪಾಗಿರುತ್ತವೆ ಎಂದು ಈಗ ನನಗೆ ಗೊತ್ತು. ಆಗ ಗೊತ್ತಿರಲಿಲ್ಲ. ಅವಳೂ ನಮ್ಮ ಜೊತೆ ಬರುವವಳಿದ್ದಳು. ಆದರೆ ನನ್ನ ತಮ್ಮ ಶಹಬಾಜನಿಗೆ ಅವತ್ತೇ ಮಂಗನಬಾವು ಬಂದು ಎರಡೂ ಗಲ್ಲ ಊದಿಕೊಂಡವು. ಹೀಗಾಗಿ ಹೊರಟವರು ಅಬ್ಬಾ ಮತ್ತು ನಾನು ಇಬ್ಬರೇ.

ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಅಬ್ಬಾ ಕೊಟ್ಟೂರಿನ ಬಸ್ಸು ವಿಚಾರಿಸಲು ಹೋದಾಗ ನಾನು ಹೂವಿನ ಓಬಮ್ಮನ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಹಡಗಲಿಯಿಂದ ಬೆಳಗಿನ ಬಸ್ಸಿಗೆ ಬಂದ ಮಲ್ಲಿಗೆ, ಇನ್ನೂ ಬಿರಿಯದ ಮೊಗ್ಗು. ಎರಡು ಮಾರು ಕೇಳಿದೆ.

"ತಲಿಗೋ, ದೇವರಿಗೋ?" ಅಂದಳು ಓಬಮ್ಮ.

"ತಲಿಗೆ" ಅಂದೆ. ಅವಳು ಕೈಚಾಚಿ ಎರಡು ಮಾರು ಅಳೆದಳು, ಮೇಲೊಂದು ಗೇಣು ಹೆಚ್ಚಿಗೆ ಬಿಟ್ಟಳು. ಮುತ್ತುಗದ ಎಲೆಯಲ್ಲಿ ಸುತ್ತಿ, ನೀರು ಚಿಮುಕಿಸಿ ಕೊಟ್ಟಳು. ತಲೆಗೋ ದೇವರಿಗೋ ಅಂತ ಯಾಕೆ ಕೇಳಿದಳು ಎಂದು ಯೋಚಿಸುವಷ್ಟು ಪುರಸೊತ್ತು ನನಗಿರಲಿಲ್ಲ. ಅಷ್ಟರಲ್ಲಿ ಬಸ್ಸು ಬಂದಿತ್ತು.

ಬಸ್ಸು ಕಿಕ್ಕಿರಿದಿತ್ತು. ಅಬ್ಬಾ ಹಿಂದಿನ ಬಾಗಿಲಲ್ಲಿ ಹತ್ತಿ ಅಲ್ಲೇ ಜೋತುಬಿದ್ದ. ನನಗೆ ಮುಂದೆ, ಗಾಲಿಯ ಮೇಲಿನ ಸೀಟು ಸಿಕ್ಕಿತು. ಕಿಟಕಿಯ ಗಾಜು ಸರಿಯುತ್ತಿರಲಿಲ್ಲ. ಕಾಲ ಬಳಿ ಯಾರದೋ ಡೀಸೆಲ್ ಕ್ಯಾನು. ಊರು ದಾಟುವಷ್ಟರಲ್ಲಿ ನನ್ನ ಹೊಟ್ಟೆ ತೊಳಸತೊಡಗಿತು. ಬಸ್ಸೆಂದರೆ ನನಗೆ ಹುಟ್ಟಿದಾಗಿನಿಂದ ವಾಂತಿ. ಯಾವಾಗಲೂ ಕೈಯಲ್ಲೊಂದು ನಿಂಬೆಹಣ್ಣು ಹಿಡಿದೇ ಹೋಗುವವಳು, ಅವತ್ತು ಗಾಬರಿಯಲ್ಲಿ ಮರೆತಿದ್ದೆ. ಇದ್ದ ಒಂದೇ ಹೊಸ ಚೂಡಿದಾರ ಮೈಮೇಲಿದೆ, ಅದರ ಮೇಲೆ ವಾಂತಿ ಮಾಡಿಕೊಂಡು ಮಡಿ ಹೆಂಗಸಿನ ಮನೆಗೆ ಹೋದರೆ ಹೊಸಿಲೂ ದಾಟಿಸುವುದಿಲ್ಲ. ಬಾಯಲ್ಲಿ ನೀರೂರತೊಡಗಿತು. ನಾನು ಎಲೆಯ ಪೊಟ್ಟಣ ಬಿಡಿಸಿ ಮಲ್ಲಿಗೆಯಲ್ಲಿ ಮುಖ ಹುದುಗಿಸಿದೆ.

ಜೀವ ಬಂದಂತಾಯಿತು. ತಂಪು, ಘಮ. ಮೂಗು ತೆಗೆದರೆ ಡೀಸೆಲ್, ಇಟ್ಟರೆ ಮಲ್ಲಿಗೆ. ಹಾಗಾಗಿ ತೆಗೆಯಲೇ ಇಲ್ಲ. ಕೊಟ್ಟೂರು ಬರುವವರೆಗೂ ಹಾಗೆಯೇ ಕೂತೆ. ಇಳಿಯುವ ಮುಂಚೆ ಎಲೆಯನ್ನು ಮೊದಲಿನಂತೆಯೇ ಸುತ್ತಿ ದಾರ ಕಟ್ಟಿದೆ. ಒಂದು ಮೊಗ್ಗೂ ಉದುರಿರಲಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಇಳಿದ ಮೇಲೆ ಅಬ್ಬಾ ನನ್ನ ಕೈಯಲ್ಲಿದ್ದುದನ್ನು ನೋಡಿದ.

"ಅದೇನದು?"

"ಹೂ. ಅಮ್ಮಿ ಹೇಳಿದ್ಲು."

ಅಬ್ಬಾ ನಡುರಸ್ತೆಯಲ್ಲೇ ನಿಂತುಬಿಟ್ಟ. "ಹೂ? ಲೇ, ಆಕಿಗೆ ಗಂಡ ಇಲ್ಲ! ತೀರಿಕೊಂಡು ಹತ್ತು ಹನ್ನೊಂದು ವರ್ಷ ಆಗೇತಿ."

"ನೀ ಯಾಕ ಮೊದಲಾ ಹೇಳಲಿಲ್ಲ?"

"ಯಾರು ಕೇಳಿದ್ರಿ?" ಅಂದ.

ಗಂಡಸರ ಬುದ್ಧಿ. ಗುರುಸಂಗಪ್ಪನವರ ಬೋರು ಎಷ್ಟು ಅಡಿ, ಮೋಟರು ಎಷ್ಟು ಎಚ್‌ಪಿ, ಎಲ್ಲ ಮನೆಗೆ ಬಂದು ಹೇಳಿದ್ದ. ಅವರ ಅಕ್ಕ ವಿಧವೆ ಎಂಬುದೊಂದು ಮಾತ್ರ ಹೇಳಲು ಯೋಗ್ಯವಾದ ಸುದ್ದಿ ಎನಿಸಿರಲಿಲ್ಲ. ಗಂಡ ಸತ್ತವಳ ಮನೆಗೆ ಮೊದಲ ಸಲ ಹೋಗುವಾಗ ತಲೆಗೆ ಮುಡಿಯುವ ಹೂ ಹಿಡಿದು ಹೋಗುವುದೆಂದರೆ! ಅಣಕಿಸಲು ಬಂದಳು ಎಂದುಕೊಂಡರೆ? ಅಥವಾ, ಇವರಿಗೆ ನಮ್ಮ ರೀತಿ ರಿವಾಜು ಗೊತ್ತಿಲ್ಲ, ಇಂಥವಳನ್ನು ಮನೆಯಲ್ಲಿ ಹೇಗೆ ಇಟ್ಟುಕೊಳ್ಳಲಿ ಎಂದರೆ?

"ಚೆಲ್ಲಿಬಿಡ್ತೀನಿ" ಅಂದೆ.

"ಹೂ ಚೆಲ್ಲಬಾರದು" ಅಂದ ಅಬ್ಬಾ. "ಬರಿಗೈಲೆ ಹೋಗೋದೂ ಚಲೋ ಅಲ್ಲ." ಟೋಪಿ ತೆಗೆದು ತಲೆ ಕೆರೆದುಕೊಂಡ. ಸುಟ್ಟ ಮೋಟರಿನ ಮುಂದೆ ಕೂತಾಗಲೂ ಹೀಗೇ ಕೆರೆದುಕೊಳ್ಳುತ್ತಾನೆ, ಸ್ವಲ್ಪ ಹೊತ್ತಿಗೆ ಏನೋ ಹೊಳೆಯುತ್ತದೆ. ಈಗಲೂ ಹೊಳೆಯಿತು. "ದೇವರಿಗೆ ಅಂತ ಕೊಡು. ದಿನಾ ಪೂಜಿ ಮಾಡತಾಳಂತ. ನಿಮ್ಮ ದೇವರಿಗೆ ಅಂತ ತಂದೀನ್ರಿ ಅನ್ನು. ಖುಷಿ ಆಗತಾಳ."

ನಾನು ಅಬ್ಬಾನ ಕಡೆ ಹೆಮ್ಮೆಯಿಂದ ನೋಡಿದೆ. ಎಂಥ ಉಪಾಯ! ನಮ್ಮ ಮನೆಯಲ್ಲಿ ಹೂವೆಂದರೆ ಒಂದು ಮುಡಿಯುವುದಕ್ಕೆ, ಇನ್ನೊಂದು ದರ್ಗಾಕ್ಕೆ. ದರ್ಗಾದ ಹೂವನ್ನು ನಾವು ಕಣ್ಣಿಗೊತ್ತಿ, ಮೂಸಿ, ಆಮೇಲೆ ಏರಿಸುತ್ತೇವೆ. ದೇವರಿಗೆ ಕೊಟ್ಟ ಹೂವಿನಲ್ಲಿ ಯಾರು ತಪ್ಪು ಹುಡುಕುತ್ತಾರೆ? ದಾರಿಯುದ್ದಕ್ಕೂ "ನಿಮ್ಮ ದೇವರಿಗೆ ಅಂತ ತಂದೀನ್ರಿ, ನಿಮ್ಮ ದೇವರಿಗೆ ಅಂತ ತಂದೀನ್ರಿ" ಎಂದು ಬಾಯಿಪಾಠ ಮಾಡುತ್ತ ನಡೆದೆ.

ಕೊಟ್ರಮ್ಮ ಟೀಚರು ಬಾಗಿಲಲ್ಲೇ ನಿಂತಿದ್ದರು. ನಲವತ್ತೈದರ ಸುಮಾರಿನ ಗಟ್ಟಿ ಹೆಂಗಸು, ಹಣೆ ತುಂಬ ವಿಭೂತಿ, ಕೈಯಲ್ಲಿ ಬಳೆಯ ಬದಲು ಒಂದು ಗಡಿಯಾರ. ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಅದರ ಮೇಲೆ ಅಳತೆಯ ಟೇಪು. ಅಬ್ಬಾ ಒಳಗೆ ಬರಲಿಲ್ಲ. "ಇಲ್ಲೇ ಕುಂದರತೀನಮ್ಮ, ಗಾಳಿ ಐತಿ" ಎಂದು ಹೊರಗಿನ ಕಟ್ಟೆಯ ಮೇಲೆ ಕೂತ. ಒಳಗೆ ನಾನೊಬ್ಬಳೇ.

"ನಿಮ್ಮ ದೇವರಿಗೆ ಅಂತ ತಂದೀನ್ರಿ" ಎಂದು ಪೊಟ್ಟಣ ಚಾಚಿದೆ.

ಅವರು ಕೂಡಲೇ ತೆಗೆದುಕೊಳ್ಳಲಿಲ್ಲ. ಹಿತ್ತಲಿಗೆ ಹೋಗಿ ಕೈ ತೊಳೆದು, ಹಿತ್ತಾಳೆಯ ತಟ್ಟೆ ತಂದು ಅದರಲ್ಲಿ ಇಡಿಸಿಕೊಂಡರು. ತಟ್ಟೆಯಲ್ಲಿ ಎಲೆ ಬಿಡಿಸಿ, ಹೂ ನೋಡಿ, ಮುಖವನ್ನು ಆ ಕಡೆ ತಿರುಗಿಸಿಕೊಂಡರು. ಮೆಚ್ಚಲಿಲ್ಲ ಎಂದುಕೊಂಡೆ. ಕಾಳು ತುಂಬುವ ವಾಡೆಯ ಮೇಲೆ ತಟ್ಟೆ ಇಟ್ಟು ಬಂದ ಮೇಲೆ ಮಾತ್ರ ಅವರ ಮುಖ ಸಡಿಲವಾಗಿತ್ತು. "ಚಲೋ ಮಾಡಿದಿ. ಕೂಡು" ಅಂದರು.

ಆಮೇಲೆ ಪ್ರಶ್ನೆಗಳು ಶುರುವಾದವು. ಎಷ್ಟು ಮಾರ್ಕ್ಸು? ಗಣಿತದಲ್ಲಿ ಎಷ್ಟು? ಎಷ್ಟು ಗಂಟೆಗೆ ಏಳುತ್ತಿ? ಕಾಜ ಹಾಕಲು ಬರುತ್ತದೇನು?

"ಬರತೈತ್ರಿ. ಆದ್ರ ನನಗ ಸೇರಂಗಿಲ್ರಿ" ಅಂದುಬಿಟ್ಟು ನಾಲಗೆ ಕಚ್ಚಿಕೊಂಡೆ. ಹೊಲಿಗೆ ಟೀಚರ ಮುಂದೆ ಹೇಳುವ ಮಾತೇ ಇದು?

ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಈ ಮನ್ಯಾಗ ಮಾಂಸ, ತತ್ತಿ ತರಂಗಿಲ್ಲ."

"ಇಲ್ರಿ."

"ನಮಾಜು ಮಾಡತಿ?"

"ಮಾಡ್ತೀನ್ರಿ. ಒಮ್ಮೊಮ್ಮಿ ಬಿಟ್ಟೂ ಹೋಗತೈತಿ."

"ಮಾಡೋದಿದ್ರ ಸರಿಯಾಗಿ ಮಾಡಬೇಕು" ಎಂದು ಎದ್ದು ಮುಂದಿನ ಕೋಣೆಯ ಬಾಗಿಲು ತೆಗೆದರು. ಒಂದು ಮಂಚ, ಬೀದಿಗೆ ತೆರೆದ ಕಿಟಕಿ, ಪುಸ್ತಕವಿಡಲು ಗೋಡೆಯಲ್ಲೇ ಗೂಡು. "ಪಡುವಲ ಗ್ವಾಡಿಗೆ ಹೊಲಿಗಿ ಮಷೀನು ಇತ್ತು. ನಿನ್ನೆ ಸರಿಸೀನಿ. ಅಲ್ಲಿ ನಿನ್ನ ನಮಾಜಿನ ಚಾಪಿ ಹಾಸಿಕೋ." ಒಂದು ಗಳಿಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಬಟ್ಟೆಗೆ ಅಳತೆ ತೆಗೆಯುವವರ ಹಾಗೆ. "ನಾಳಿ ಸೋಮವಾರ ಟ್ರಂಕು ತಗೊಂಡು ಬಾ."

ನನಗೆ ಕಿವಿಯನ್ನೇ ನಂಬಲಾಗಲಿಲ್ಲ. ಆ ಗೂಡಿನಲ್ಲಿ ಫಿಸಿಕ್ಸು ಎಲ್ಲಿ, ಕೆಮಿಸ್ಟ್ರಿ ಎಲ್ಲಿ ಎಂದು ಆಗಲೇ ಜೋಡಿಸತೊಡಗಿದ್ದೆ. ಆ ಖುಷಿ ಎರಡು ನಿಮಿಷವೂ ಬಾಳಲಿಲ್ಲ.

"ಪೂಜಿ ಒಂದು ಮುಗಿಸಿಬಿಡ್ತೀನಿ, ಆಮ್ಯಾಲ ಉಣ್ಣೋಣ" ಎಂದು ಅವರು ವಾಡೆಯ ಮೇಲಿನ ತಟ್ಟೆ ಕೆಳಗಿಳಿಸಿದರು. "ನಿಮ್ಮ ಮನ್ಯಾಗ ಯಾರೋ ತಿಳಿದೋರು ಅದಾರ ನೋಡು. ಎಲಿಯಾಗ ಕಟ್ಟಿ, ಹಿಂಗ ಜ್ವಾಕಿಲೆ ತಂದೀರಿ. ನಮ್ಮ ತಮ್ಮನ ಹೆಂಡ್ತಿ ಅದಾಳ, ದೇವರ ಹೂ ಅಂತ ತರತಾಳ, ದಾರಿ ತುಂಬ ಮೂಸಿಕೋಂತ ಬರತಾಳ. ಮೂಸಿದ್ದು ಎಂಜಲಾತು. ಲಿಂಗಕ್ಕ ಏರಸಾಕ ಬರತೈತೇನು? ಹೋದ ಸಲ ಬುಟ್ಟಿಗೆ ಬುಟ್ಟಿನೇ ತಿಪ್ಪಿಗೆ ಹಾಕಿದೆ. ಅವತ್ತಿಂದ ಮಾತು ಬಿಟ್ಟಾಳ. ಬಿಟ್ರ ಬಿಡಲಿ."

ತಟ್ಟೆಯನ್ನು ಗೋಡೆಯ ಗೂಡಿನಂಥ ದೇವರ ಮಾಡದ ಮುಂದೆ, ಮಣೆಯ ಪಕ್ಕ ಇಟ್ಟು, ಸ್ನಾನ ಮಾಡಿಬರುತ್ತೇನೆಂದು ಹಿತ್ತಲಿಗೆ ಹೋದರು.

ನಾನು ಎದ್ದು ಹೊರಗೆ ಓಡಿದೆ. ಅಬ್ಬಾ ಬೀಡಿ ಹಚ್ಚುವುದರಲ್ಲಿದ್ದ. ಬಗ್ಗಿ ಪಿಸುಮಾತಿನಲ್ಲಿ ಎಲ್ಲ ಹೇಳಿದೆ: ವಾಂತಿ ಬಂದದ್ದು, ಮುಖ ಹುದುಗಿಸಿದ್ದು, ಮೂಸಿದ ಹೂ ಇವರ ದೇವರಿಗೆ ಆಗುವುದಿಲ್ಲವೆಂಬುದು.

ಅಬ್ಬಾ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ. "ಮೂಸಿದ್ದು ನಡಿಯಂಗಿಲ್ಲಂತ ಗೊತ್ತೈತಿ ನನಗ. ಹೂ ತರೋವಾಗ ಅದು ದೇವರಿಗೆ ಅಂತ ಎಲ್ಲಿತ್ತು? ನೀ ಮೂಸಿದ್ದು ನನಗೆಲ್ಲಿ ಕಂಡಿತ್ತು?" ಆಮೇಲೆ ಕೇಳಿದ, "ಮನಿ ಕೊಡತೀನಿ ಅಂದಾಳೇನು?"

"ನಾಳಿ ಟ್ರಂಕು ತಗೊಂಡು ಬಾ ಅಂದಾರ."

"ಹಂಗಾರ ಬಾಯಿ ಮುಚ್ಚಿಕೊಂಡಿರು. ಹೂವಿನ ಮ್ಯಾಲ ನಿನ್ನ ಮೂಗಿನ ಗುರ್ತು ಬಿದ್ದೈತೇನು? ಎರಡು ವರ್ಷದ ಓದು, ಒಂದು ತಾಸಿನ ಹೂ. ಸುಮ್ಕ ಒಳಗ ಹೋಗಿ ಕುಂದರು."

ಅವನು ಕೆಟ್ಟವನಲ್ಲ. ಯಾರದಾದರೂ ಮೋಟರಿನಲ್ಲಿ ಹಳೆ ತಂತಿ ಹಾಕಿ ಹೊಸದು ಎಂದವನೂ ಅಲ್ಲ. ಆದರೆ ಅವತ್ತು ಅವನ ಕಣ್ಣಿಗೆ ಕಂಡದ್ದು ಮಗಳ ಓದು ಒಂದೇ. ನಾನು ಒಳಗೆ ಹೋಗಿ ಕೂತೆ.

ಹಿತ್ತಲಲ್ಲಿ ತಂಬಿಗೆಯಿಂದ ನೀರು ಸುರಿದುಕೊಳ್ಳುವ ಸದ್ದು. ಎದುರಿಗೆ ತಟ್ಟೆಯಲ್ಲಿ ಮಲ್ಲಿಗೆ. ಸೆಕೆಗೆ ಮೊಗ್ಗುಗಳು ಒಂದೊಂದೇ ಬಿರಿಯುತ್ತಿದ್ದವು, ಮನೆಯೆಲ್ಲ ವಾಸನೆ. ಮೊದಲು ಸಿಟ್ಟು ಬಂತು. ಹೂವಿರುವುದೇ ಮೂಸಲಿಕ್ಕೆ, ಒಬ್ಬ ಹುಡುಗಿಯ ಮೂಗಿಗೆ ಹೆದರುವ ದೇವರೂ ಒಂದು ದೇವರೇ ಎಂದುಕೊಂಡೆ. ನನ್ನ ದೇವರಲ್ಲವಲ್ಲ, ನನಗೇಕೆ ಎಂದುಕೊಂಡೆ. ಆಗಲೇ ಅಮ್ಮಿಯ ನೆನಪು ಬಂದದ್ದು.

ಒಂದು ದಿನ ಅಮ್ಮಿ ವುಜೂ ಮಾಡಲು ಬಕೆಟ್ಟಿನಲ್ಲಿ ನೀರು ತುಂಬಿಟ್ಟಿದ್ದಳು. ನಮಾಜಿಗೆ ಮುಂಚೆ ಕೈ, ಬಾಯಿ, ಮುಖ, ಕಾಲು ತೊಳೆಯುವ ನೀರು. ಶಹಬಾಜ ನಾಯಿಮರಿ ಎತ್ತಿ ಆಡಿಸಿದ ಕೈಯನ್ನು ಅದರಲ್ಲೇ ಅದ್ದಿ, ಹೊಡೆತಕ್ಕೆ ಹೆದರಿ ಸುಮ್ಮನಿದ್ದ. ಅಮ್ಮಿ ನಮಾಜು ಮುಗಿಸಿ ಎದ್ದ ಮೇಲೆ ಗೊತ್ತಾಯಿತು. ಅವಳು ಹೊಡೆಯಲಿಲ್ಲ. ಮತ್ತೆ ನೀರು ತಂದಳು, ಮತ್ತೆ ತೊಳೆದುಕೊಂಡಳು, ಮತ್ತೆ ಚಾಪೆಯ ಮೇಲೆ ನಿಂತಳು. ಅವತ್ತು ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ನೀರಿಗಾಗಿ ಅಲ್ಲ, ಗೊತ್ತಿದ್ದವರು ಸುಮ್ಮನಿದ್ದರಲ್ಲ ಎಂದು ಅವಳಿಗೆ ನೋವಾಗಿತ್ತು.

ಈ ಹೆಂಗಸು ಪಡುವಲ ಗೋಡೆಯಿಂದ ಮಷೀನು ಸರಿಸಿದ್ದರು. ನಾನು ಬರುವ ಮುಂಚೆಯೇ, ನನ್ನ ಮುಖ ನೋಡುವ ಮುಂಚೆಯೇ.

ಒದ್ದೆ ಕೂದಲು ಗಂಟುಹಾಕಿ, ಹೊಸದಾಗಿ ವಿಭೂತಿ ಹಚ್ಚಿ ಅವರು ಬಂದರು. ಮಣೆಯ ಮೇಲೆ ಕೂತರು. ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡರು. ನೀರೆರೆದರು. ಬಲಗೈ ಮಲ್ಲಿಗೆಯ ಕಡೆ ಹೋಯಿತು.

"ಟೀಚರ" ಅಂದೆ. "ಟೀಚರ, ಅದನ್ನ ಏರಸಬ್ಯಾಡ್ರಿ. ನಾ ಮೂಸೀನಿ."

ಅವರ ಕೈ ಅಲ್ಲೇ ನಿಂತಿತು. ತಿರುಗದೆ ಕೇಳಿದರು, "ಎಷ್ಟು?"

ಎಷ್ಟು ಎಂದರೆ ಏನು ಹೇಳುವುದು? "ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರು ತನಕ" ಅಂದೆ. ಅಳು ಬಂದುಬಿಟ್ಟಿತು. "ಬಸ್ಸಿನ್ಯಾಗ ವಾಂತಿ ಬರಾಕತ್ತಿತ್ರಿ. ಅದರಾಗ ಮಾರಿ ಇಟಗೊಂಡು ಕುಂತಿದ್ದೆ. ನಿಮಗ ಅಂತ ತಂದದ್ದ್ರಿ ಅದು, ದೇವರಿಗಲ್ಲ. ನಿಮಗ ಯಜಮಾನರು ಇಲ್ಲಂತ ನಮ್ಮ ಅಮ್ಮಿಗೆ ಗೊತ್ತಿದ್ದಿಲ್ಲ. ಇಲ್ಲಿ ಬಂದಮ್ಯಾಲ ಗೊತ್ತಾತು. ಅದಕ್ಕ ದೇವರಿಗೆ ಅಂತ ಅಂದ್ವಿ."

ಒಂದು ಸುಳ್ಳು ಬಿಚ್ಚಲು ಹೋಗಿ ಎಲ್ಲವೂ ಬಿಚ್ಚಿಕೊಂಡಿತ್ತು. ಹೇಳಬಾರದ ಮಾತು, ಗಂಡನಿಲ್ಲದ ಮಾತನ್ನೂ ಅವರ ಮನೆಯಲ್ಲೇ ಕೂತು ಹೇಳಿಬಿಟ್ಟಿದ್ದೆ.

ಅವರು ಲಿಂಗವನ್ನು ಎದೆಗೊತ್ತಿ ಹಿಡಿದೇ ಎದ್ದು, ತಟ್ಟೆಯನ್ನು ತೆಗೆದು ದೂರ, ಕಿಟಕಿಯ ಕಟ್ಟೆಯ ಮೇಲಿಟ್ಟರು. ಹಿತ್ತಲಿಗೆ ಹೋಗಿ ಕೈ ತೊಳೆದು ನಾಲ್ಕು ಕಣಗಿಲೆ ಹೂ ಕಿತ್ತು ತಂದರು. ಮತ್ತೆ ಮೊದಲಿನಿಂದ ನೀರೆರೆದು, ವಿಭೂತಿ ಧರಿಸಿ, ಕಣಗಿಲೆ ಏರಿಸಿ ಕಣ್ಣು ಮುಚ್ಚಿದರು.

ಅಬ್ಬಾ ಬಾಗಿಲಿಗೆ ಬಂದು ಇಣುಕಿದ. ನನ್ನ ಒದ್ದೆ ಮುಖ ನೋಡಿದ. ಕಿಟಕಿಯ ಮೇಲಿನ ತಟ್ಟೆ ನೋಡಿದ.

"ಹೇಳಿದಿ?"

ತಲೆ ಅಲ್ಲಾಡಿಸಿದೆ.

ಅವನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ವಾಪಸು ಹೋಗಿ ಚಪ್ಪಲಿ ಹಾಕಿಕೊಂಡು ಕಟ್ಟೆಯ ತುದಿಯಲ್ಲಿ ಕೂತ. ಚಪ್ಪಲಿ ಹಾಕಿದ ಆ ಪಾದಗಳು ಬಾಗಿಲಿನ ಸಂದಿಯಿಂದ ನನಗೆ ಕಾಣುತ್ತಿದ್ದವು. ಊಟವಿಲ್ಲದೆ ಹೋಗಲು ತಯಾರಾಗಿದ್ದಾನೆ ಎಂದುಕೊಂಡೆ. ಮೂರೂವರೆಯ ಬಸ್ಸು. ನಾಳೆಯಿಂದ ಮಾಮುನ ಅಂಗಡಿ, ಸೂಜಿ, ಅಂಗಿಗೆ ಏಳು ಕಾಜ. ನಾಲಗೆಯನ್ನು ಕಿತ್ತು ಬಿಸಾಡುವಷ್ಟು ನನ್ನ ಮೇಲೇ ಸಿಟ್ಟು ಬಂತು. ಪೂಜೆ ಎಷ್ಟು ಹೊತ್ತು ನಡೆಯಿತೋ ಗೊತ್ತಿಲ್ಲ. ನನಗಂತೂ ಪರೀಕ್ಷೆಯ ಮೂರು ತಾಸಿಗಿಂತ ಉದ್ದವಾಗಿತ್ತು.

ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಗೆ ಹಾಕಿ ಕೊರಳಿಗೆ ಕಟ್ಟಿಕೊಂಡು ಎದ್ದರು. ನೇರ ಕಿಟಕಿಗೆ ಹೋದರು. ತಟ್ಟೆಯಿಂದ ಮಾಲೆಯನ್ನು ಪೂರ್ತಿ ಎತ್ತಿಕೊಂಡರು. ಈಗ ಹಿತ್ತಲಿಗೆ ಹೋಗುತ್ತಾರೆ, ತಿಪ್ಪೆಗೆ ಎಸೆಯುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಹೆಜ್ಜೆಯ ಸದ್ದು ಬರಲಿಲ್ಲ. ಕಣ್ಣು ಬಿಟ್ಟೆ. ಅವರು ನನಗೆ ಬೆನ್ನು ಮಾಡಿ ನಿಂತಿದ್ದರು. ಎರಡು ಮಾರು ಮಲ್ಲಿಗೆಯನ್ನು ಬೊಗಸೆಯಲ್ಲಿ ಮುದ್ದೆ ಮಾಡಿ ಹಿಡಿದು, ಅದರಲ್ಲಿ ಮುಖವಿಟ್ಟಿದ್ದರು. ಬಸ್ಸಿನಲ್ಲಿ ನಾನು ಇಟ್ಟ ಹಾಗೆಯೇ. ಅವರ ಬೆನ್ನು ಮೇಲೇರಿತು, ಇಳಿಯಿತು, ಮತ್ತೆ ಮೇಲೇರಿತು.

ಅಡುಗೆಮನೆಯಲ್ಲಿ ಅನ್ನದ ಪಾತ್ರೆಯ ಮುಚ್ಚಳ ಸಪ್ಪಳ ಮಾಡುತ್ತಿತ್ತು, ಅವರು ಅತ್ತ ನೋಡಲಿಲ್ಲ.

"ಹನ್ನೊಂದು ವರ್ಷ ಆತು" ಅಂದರು ಕಡೆಗೆ, ತಿರುಗದೆಯೇ. ಮೂಗು ಕಟ್ಟಿದ ಸ್ವರ. "ಮಂದಿ ಈ ಮನಿಗೆ ಹೂ ತಂದ್ರ ದೇವರಿಗೆ ಅಂತಾರ. ನಾ ಮಾರಿ ಹೊಳ್ಳಿಸಿ, ಉಸಿರು ಬಿಗಿಹಿಡಕೊಂಡು ಏರಸತೀನಿ. ಮುಡಿಯಾಕ ಬರಂಗಿಲ್ಲ, ಮೂಸಾಕ ಬರಂಗಿಲ್ಲ. ಹಡಗಲಿ ಮಲ್ಲಿಗಿ ಹಿಂಗ ಇರತೈತಿ ಅಂಬೋದು ಮರತ ಹೋಗಿತ್ತು ನೋಡು."

ತಪ್ಪಾಯಿತು ಅನ್ನಲೇ? ಯಾವುದಕ್ಕೆ?

ಅವರು ಸೆರಗಿನಿಂದ ಮುಖ ಒರೆಸಿಕೊಂಡು ಇತ್ತ ತಿರುಗಿದರು. ಒಂದು ಮೊಗ್ಗು ಮೂಗಿನ ಪಕ್ಕ ಅಂಟಿತ್ತು, ಅವರಿಗೆ ಅದು ಗೊತ್ತಿರಲಿಲ್ಲ. ಬಾಗಿಲಿನತ್ತ ನೋಡಿ ಟೀಚರ ಗತ್ತಿನಲ್ಲೇ ಕೂಗಿದರು, "ಅಣ್ಣಾರ, ಚಪ್ಪಲಿ ಬಿಚ್ಚಿ ಒಳಗ ಬರ್ರಿ. ಅನ್ನ ಆರತೈತಿ." ನಾಲ್ಕು ಎಲೆ ತಂದು, ಬಾರದ ಅಮ್ಮಿಯದೊಂದನ್ನು ವಾಪಸಿಟ್ಟು, ಮೂರನ್ನು ಒಂದೇ ಸಾಲಿನಲ್ಲಿ ಹಾಸಿದರು.

ಟ್ರಂಕಿನ ಮಾತು ಇದೆಯೋ ಹೋಯಿತೋ ಎಂದು ಉಣ್ಣುವಾಗ ಕೇಳುವ ಧೈರ್ಯ ಅಬ್ಬಾನಿಗೂ ನನಗೂ ಇರಲಿಲ್ಲ. ಮಜ್ಜಿಗೆ ಬಡಿಸುವಾಗ ಅವರೇ ಕೇಳಿದರು.

"ಊರಿಗೆ ಯಾವಾಗ ಯಾವಾಗ ಹೋಗಾಕಿ ನೀನು?"

ನನ್ನ ಕೈಯ ತುತ್ತು ಅಲ್ಲೇ ನಿಂತಿತು. "ಹದಿನೈದು ದಿನಕ್ಕೊಮ್ಮಿ ಹೋಗಿ ಬರತೀನ್ರಿ."

"ಬರೋವಾಗ ಹೂ ತಗೊಂಡು ಬಾ. ಎರಡು ಮಾರು ಬ್ಯಾಡ, ಒಂದು ಮೊಳ ಸಾಕು."

"ಆಗಲ್ರಿ ಟೀಚರ. ಮುಂದಿನ ಸಲ ಪಿಲಾಸ್ಟಿಕ್ ಚೀಲದಾಗ ಕಟ್ಟಿಸಿಕೊಂಡು, ಮೂಗಿನ ಹತ್ರಾನೂ ತರಂಗಿಲ್ರಿ" ಎಂದೆ ಗಡಬಡಿಸಿ.

ಅವರು ಮಜ್ಜಿಗೆಯ ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದರು.

"ಬ್ಯಾಡ. ಬಸ್ಸಿನ್ಯಾಗ ಚೆಂದಾಗಿ ಮೂಸಿಕೋಂತ ಬಾ" ಅಂದರು. "ಇಲ್ಲಾಂದ್ರ ನಾ ಅದನ್ನ ಮತ್ತ ದೇವರಿಗೇ ಕೊಡಬೇಕಾಗತೈತಿ."